ಹಿಮ್ಮಡಿ ನೆಲ ಬಿಡುವ ತನಕ

ಅಕಿಲಿಸ್ ಟೆಂಡನ್ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೊರಟವರ ಕೈಗೆ ಆಸ್ಪತ್ರೆಯವರು ಒಂದು ಹಾಳೆ ಕೊಡುತ್ತಾರೆ. ಎರಡನೇ ವಾರ ಹೊಲಿಗೆ ಬಿಚ್ಚುವುದು, ಆಮೇಲೆ ಬೂಟು, ಆರನೇ ವಾರಕ್ಕೆ ಇಷ್ಟು, ಹನ್ನೆರಡನೇ ವಾರಕ್ಕೆ ಇಷ್ಟು ಎಂದು ಸಾಲಾಗಿ ಬರೆದಿರುತ್ತದೆ. ಹೆಚ್ಚುಕಡಿಮೆ ಇದೇ ಹಾಳೆ ಕೆನಡಾದಲ್ಲೂ ಇಂಗ್ಲೆಂಡಿನಲ್ಲೂ ರೋಗಿಗಳ ಕೈ ಸೇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಟೆಂಡನ್ ಎಲ್ಲರದೂ ಒಂದೇ. ಆದರೆ ಆ ಹಾಳೆಯನ್ನು ಮೊದಲು ಬರೆದವರ ಕಣ್ಣ ಮುಂದಿದ್ದ ಮನೆಯಲ್ಲಿ ಬಚ್ಚಲು ಒಣಗಿರುತ್ತದೆ, ಊಟ ಮೇಜಿನ ಮೇಲೆ ನಡೆಯುತ್ತದೆ, ನೆಲಕ್ಕೆ ಕೂತು ಏಳುವ ಪ್ರಸಂಗವೇ ಬರುವುದಿಲ್ಲ, ಶೂ ಹಾಕಿಕೊಂಡು ಒಳಗೆ ಬಂದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ನಮ್ಮಲ್ಲಿ ಬೂಟು ಬಂದ ದಿನವೇ ಚರ್ಚೆ ಶುರು: ಅದನ್ನು ಹಾಕಿಕೊಂಡು ಅಡುಗೆಮನೆಗೆ ಬರಬಹುದೇ, ದೇವರ ಕೋಣೆಯ ಮುಂದೆ ಹಾದುಹೋಗಬಹುದೇ?

ಹರಿದ ಟೆಂಡನ್ ಹೊಲಿಯಲು ಕೈಪಳಗಿದ ಸರ್ಜನ್‌ಗೆ ಒಂದು ಗಂಟೆ ಸಾಕು. ಆ ಹೊಲಿಗೆ ನಿಂತು, ಕಾಲಿಗೆ ಮೊದಲಿನ ಕಸುವು ಬರಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಕೆಲಸ ಕೆಡುವುದಿದ್ದರೆ ಬಹುಪಾಲು ಈ ಅವಧಿಯಲ್ಲೇ, ಬಚ್ಚಲಲ್ಲಿ, ಮೆಟ್ಟಿಲ ಮೇಲೆ, ಚಾಪೆಯಿಂದ ಏಳುವಾಗ ಕೆಡುತ್ತದೆ. ಹಾಳೆಯಲ್ಲಿ ಬರೆಯದೆ ಬಿಟ್ಟ ಈ ಜಾಗಗಳ ಬಗ್ಗೆಯೇ ಹೆಚ್ಚು ಮಾತಾಡಬೇಕಾಗಿದೆ.

ಮೊದಲು ಒಂದಿಷ್ಟು ಅಂಗರಚನೆ. ಹಿಮ್ಮಡಿಯ ಹಿಂದೆ, ಸ್ವಲ್ಪ ಮೇಲೆ, ಎರಡು ಬೆರಳಲ್ಲಿ ಹಿಡಿದರೆ ಗಟ್ಟಿ ಹುರಿಯೊಂದು ಸಿಗುತ್ತದೆ. ಅದೇ ಅಕಿಲಿಸ್ ಟೆಂಡನ್. ಮೀನಖಂಡದ ದೊಡ್ಡ ಸ್ನಾಯುಗಳೆರಡು ಕೆಳಗೆ ಕೂಡಿಕೊಂಡು ಈ ಹುರಿಯಾಗಿ ಹಿಮ್ಮಡಿಯ ಎಲುಬಿಗೆ ಅಂಟುತ್ತವೆ. ಉದ್ದ ಸುಮಾರು 15 ಸೆಂ.ಮೀ. ದೇಹದ ಟೆಂಡನ್‌ಗಳಲ್ಲೆಲ್ಲ ಇದೇ ದಪ್ಪ, ಇದೇ ಬಲಿಷ್ಠ. ಓಡುವಾಗ ದೇಹದ ತೂಕದ ಆರರಿಂದ ಎಂಟು ಪಟ್ಟು ಎಳೆತವನ್ನು ತಡೆದುಕೊಳ್ಳುತ್ತದೆ. ಇಷ್ಟೆಲ್ಲ ಬಲವಿದ್ದೂ ಎಲುಬಿಗೆ ಅಂಟುವಲ್ಲಿಂದ 2ರಿಂದ 6 ಸೆಂ.ಮೀ. ಮೇಲಿನ ತುಣುಕಿಗೆ ರಕ್ತ ಪೂರೈಕೆ ತೀರಾ ಕಡಿಮೆ. ಹರಿಯುವುದು ಬಹುಮಟ್ಟಿಗೆ ಅಲ್ಲೇ. ಹರಿದದ್ದು ಕೂಡಲು ತಡವಾಗುವುದಕ್ಕೂ ಅದೇ ಕಾರಣ.

ಮೂವತ್ತರಿಂದ ಐವತ್ತರ ನಡುವಿನ ಗಂಡಸರು ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಶನಿವಾರ ಬೆಳಿಗ್ಗೆ ಶಟಲ್ ಕೋರ್ಟ್ ಬುಕ್ ಮಾಡುವವರು, ವರ್ಷಕ್ಕೊಮ್ಮೆ ಆಫೀಸಿನ ಕ್ರೀಡಾಕೂಟದಲ್ಲಿ ಓಡುವವರು, ಹಳೆ ವಿದ್ಯಾರ್ಥಿಗಳ ಕಬಡ್ಡಿಯಲ್ಲಿ ಹುರುಪು ತೋರಿಸುವವರು. ಹಿಂದಕ್ಕೆ ಹೆಜ್ಜೆಯಿಟ್ಟು ಥಟ್ಟನೆ ಮುಂದಕ್ಕೆ ನುಗ್ಗುವಾಗ ಪಟ್ಟೆಂದು ಸದ್ದಾಗುತ್ತದೆ. ಪಕ್ಕದ ಕೋರ್ಟಿನವರಿಗೂ ಕೇಳಿಸುವುದುಂಟು. ಬಿದ್ದವರು ಮೊದಲು ಹಿಂದಿರುಗಿ ನೋಡುತ್ತಾರೆ, ಜೊತೆಗಾರನ ರ‍್ಯಾಕೆಟ್ ತಾಗಿತೇನೋ ಎಂದು. ಹಿಂದೆ ಯಾರೂ ಇರುವುದಿಲ್ಲ.

ನಮ್ಮ ಕಡೆಯ ಮೂಳೆ ವೈದ್ಯರು ಇದರ ಜೊತೆಗೆ ಇನ್ನೆರಡು ಬಗೆಯನ್ನೂ ಕಾಣುತ್ತಾರೆ. ಒಂದು, ಶೌಚಾಲಯದಲ್ಲಿ ಕಾಲು ಜಾರಿ ಪಿಂಗಾಣಿ ಬೇಸಿನ್ ಒಡೆದು, ಅದರ ಚೂಪು ಅಂಚು ಹಿಮ್ಮಡಿಯ ಹಿಂಭಾಗವನ್ನು ಸೀಳುವುದು. ಇನ್ನೊಂದು, ಬೈಕಿನ ಹಿಂದೆ ಕೂತ ಮಗುವಿನ ಕಾಲು ಚಕ್ರದ ಕಡ್ಡಿಗಳಿಗೆ ಸಿಕ್ಕುವುದು. ಈ ತೆರೆದ ಗಾಯಗಳಲ್ಲಿ ಆಪರೇಷನ್ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ತೊಳೆದು ಹೊಲಿಯಲೇಬೇಕು. ಇದಕ್ಕೆ ಆಟವೂ ಬೇಡ, ವಯಸ್ಸಿನ ಹಂಗೂ ಇಲ್ಲ.

ಚರ್ಮ ಹರಿಯದೆ ಒಳಗೇ ಹರಿದದ್ದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಒಂದೆರಡು ದಿನಕ್ಕೆ ನೋವು ಇಳಿಯುತ್ತದೆ, ಕುಂಟುತ್ತಾ ನಡೆಯಲೂ ಆಗುತ್ತದೆ. ಪಾದವನ್ನು ಕೆಳಕ್ಕೆ ಒತ್ತಲು ಬೇರೆ ಸಣ್ಣ ಸ್ನಾಯುಗಳೂ ಇರುವುದರಿಂದ, ಹಾಸಿಗೆಯಲ್ಲಿ ಮಲಗಿ ಪಾದ ಆಡಿಸಿ ತೋರಿಸಿದರೆ ‘ಏನಿಲ್ಲ, ಉಳುಕು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆಮೇಲೆ ಎಣ್ಣೆ ನೀವುವುದು, ಬಿಸಿ ಶಾಖ, ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವುದು, ಅದೂ ಆಗದಿದ್ದರೆ ಪುತ್ತೂರು ಕಟ್ಟು. ಹಳ್ಳಿಯವರನ್ನಷ್ಟೇ ದೂರುವುದು ಬೇಡ. ವೈದ್ಯರೂ ಮೊದಲ ಭೇಟಿಯಲ್ಲಿ ಸುಮಾರು ಐದರಲ್ಲಿ ಒಂದನ್ನು ಗುರುತಿಸದೆ ಬಿಡುತ್ತಾರೆಂದು ವೈದ್ಯಕೀಯ ಬರಹಗಳೇ ಒಪ್ಪಿಕೊಳ್ಳುತ್ತವೆ. ಎಕ್ಸ್‌-ರೇಯಲ್ಲಿ ಎಲುಬೆಲ್ಲ ಸರಿಯಾಗಿ ಕಾಣುವುದರಿಂದ ರೋಗಿಗೂ ಸಮಾಧಾನ, ವೈದ್ಯರಿಗೂ ಸಮಾಧಾನ.

ಹಾಗೆ ನೋಡಿದರೆ ಪತ್ತೆ ಹಚ್ಚಲು ಯಂತ್ರವೇ ಬೇಡ. ಗಾಯಗೊಂಡವರನ್ನು ಮಂಚದ ಮೇಲೆ ಬೋರಲು ಮಲಗಿಸಿ, ಎರಡೂ ಪಾದ ಮಂಚದ ತುದಿಯಿಂದ ಆಚೆ ತೂಗುವಂತೆ ಬಿಡಬೇಕು. ಚೆನ್ನಾಗಿರುವ ಕಾಲಿನ ಮೀನಖಂಡವನ್ನು ಅಂಗೈಯಲ್ಲಿ ತುಂಬ ಹಿಡಿದು ಹಿಂಡಿದರೆ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಈಗ ಇನ್ನೊಂದು ಕಾಲು. ಹಿಂಡಿದರೂ ಪಾದ ಅಲುಗದೆ ಸುಮ್ಮನೆ ತೂಗುತ್ತಿದ್ದರೆ ಟೆಂಡನ್ ಹರಿದಿದೆ. ಇಂಗ್ಲೆಂಡಿನ ಸಿಮಂಡ್ಸ್ 1957ರಲ್ಲಿ, ಅಮೆರಿಕದ ಥಾಮ್ಸನ್ 1962ರಲ್ಲಿ ಬರೆದಿಟ್ಟ ಈ ಪರೀಕ್ಷೆಗೆ ಇವತ್ತಿಗೂ ಸರಿಸಾಟಿಯಾದದ್ದಿಲ್ಲ. ಶಟಲ್ ಆಡುವವರೆಲ್ಲ ಕಲಿತಿಟ್ಟುಕೊಂಡರೆ ನಷ್ಟವೇನಿಲ್ಲ. ಎಂಆರ್‌ಐಗೆ ಸಾವಿರಗಟ್ಟಲೆ ಸುರಿಯುವ ಮೊದಲು ಮಾಡಿ ನೋಡಬಹುದಾದದ್ದು ಇದು. ತಡವಾದಷ್ಟೂ ಹರಿದ ತುದಿಗಳು ದೂರ ಸರಿದು, ನಾಲ್ಕಾರು ವಾರ ಕಳೆದ ಮೇಲೆ ಬರೀ ಹೊಲಿಗೆ ಸಾಲದೆ ಬೇರೆ ಟೆಂಡನ್ ತಂದು ಜೋಡಿಸುವ ದೊಡ್ಡ ಆಪರೇಷನ್ ಬೇಕಾಗುತ್ತದೆ.

ಹೊಲಿಯಲೇಬೇಕೆ? ಇಲ್ಲಿ ಒಂದು ಸೋಜಿಗವಿದೆ. ನಾರ್ವೆಯಲ್ಲಿ 554 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಇಲ್ಲದೆ, ಇನ್ನೊಂದಕ್ಕೆ ತೆರೆದ ಆಪರೇಷನ್‌ನಿಂದ, ಮತ್ತೊಂದಕ್ಕೆ ಸಣ್ಣ ಗಾಯದ ಆಪರೇಷನ್‌ನಿಂದ ಚಿಕಿತ್ಸೆ ಕೊಟ್ಟರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದು ವರ್ಷ ಕಳೆದ ಮೇಲೆ ರೋಗಿಗಳೇ ಹೇಳಿಕೊಂಡ ನೋವು, ಬಲ, ಓಡಾಟದ ಅಂಕಗಳಲ್ಲಿ ಮೂರೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಮತ್ತೆ ಹರಿದದ್ದು ಆಪರೇಷನ್ ಇಲ್ಲದವರಲ್ಲಿ ಶೇ 6.2, ಆಪರೇಷನ್ ಆದ ಎರಡೂ ಗುಂಪಿನಲ್ಲಿ ಶೇ 0.6. ಬದಲಿಗೆ ಆಪರೇಷನ್ ಆದವರಲ್ಲಿ ಪಾದದ ಹೊರಬದಿಯ ಸಂವೇದನೆಯ ನರಕ್ಕೆ ಏಟು ಬಿದ್ದದ್ದು ಹೆಚ್ಚು. ಸಣ್ಣ ಗಾಯದ ಗುಂಪಿನಲ್ಲಿ ಅದು ಶೇ 5.2. ಇದಕ್ಕೂ ಮೊದಲೇ 2010ರಲ್ಲಿ ಕೆನಡಾದವರು 144 ಜನರ ಮೇಲೆ ನಡೆಸಿದ ಅಧ್ಯಯನವೂ, ಬೇಗ ಕಾಲೂರಿಸಿ ಬೇಗ ವ್ಯಾಯಾಮ ಕೊಡಿಸುವುದಾದರೆ ಎರಡು ದಾರಿಯಲ್ಲಿ ಯಾವುದಾದರೂ ಸರಿ ಎಂಬ ಕಡೆಗೇ ವಾಲಿತ್ತು. ಅಂದರೆ ಕಾಲನ್ನು ಉಳಿಸುವುದರಲ್ಲಿ ಚಾಕುವಿಗಿಂತ ಆಮೇಲಿನ ಶುಶ್ರೂಷೆಯ ಪಾಲು ದೊಡ್ಡದು. ಆಪರೇಷನ್‌ಗೆ ಲಕ್ಷ ಖರ್ಚು ಮಾಡಿ ಫಿಸಿಯೊಥೆರಪಿಗೆ ನಾಲ್ಕು ಸಲ ಹೋಗಿ ಬಿಡುವವರು ಲೆಕ್ಕವನ್ನು ತಲೆಕೆಳಗು ಮಾಡಿದ್ದಾರೆಂದೇ ನನ್ನ ಅಭಿಪ್ರಾಯ.

ಥಿಯೇಟರ್‌ನೊಳಗೆ ನಡೆಯುವುದು ಇಷ್ಟು. ರೋಗಿಯನ್ನು ಬೋರಲು ಮಲಗಿಸಿ, ನಟ್ಟ ನಡುವಿನಿಂದ ತುಸು ಒಳಬದಿಗೆ ಗಾಯ ಮಾಡುತ್ತಾರೆ, ಹೊರಬದಿಯ ನರ ತಪ್ಪಿಸಲು. ಒಳಗೆ ಸಿಗುವ ತುದಿಗಳು ಕತ್ತರಿಸಿದಂತೆ ನೀಟಾಗಿರುವುದಿಲ್ಲ. ಹಳೆಯ ಬಾವಿಯ ತೆಂಗಿನ ನಾರಿನ ಹಗ್ಗ ತುಂಡಾದಾಗ ಎಳೆ ಎಳೆಯಾಗಿ ಕೆದರಿಕೊಳ್ಳುತ್ತದಲ್ಲ, ಹಾಗೆ. ಆ ಎಳೆಗಳನ್ನು ಒಟ್ಟುಗೂಡಿಸಿ, ಗಟ್ಟಿ ದಾರದಲ್ಲಿ ಬೀಗದಂತೆ ಹೊಲಿದು ಎರಡೂ ತುದಿ ಸೇರಿಸುತ್ತಾರೆ. ಎಷ್ಟು ಬಿಗಿಯಾಗಿ ಎಂಬುದೇ ಕೌಶಲ. ಕೆಲವು ಸರ್ಜನ್‌ಗಳು ಚೆನ್ನಾಗಿರುವ ಕಾಲನ್ನೂ ಪಕ್ಕದಲ್ಲೇ ತೆರೆದಿಟ್ಟುಕೊಂಡು, ಅದರ ಪಾದ ಯಾವ ಕೋನದಲ್ಲಿ ಇಳಿಬಿದ್ದಿದೆಯೋ ಅದಕ್ಕೆ ಇದನ್ನು ಹೊಂದಿಸುತ್ತಾರೆ. ಬ್ಯಾಂಡೇಜು ಕಟ್ಟುವಾಗ ಪಾದ ನರ್ತಕಿಯ ಪಾದದಂತೆ ಕೆಳಮುಖವಾಗಿರುತ್ತದೆ. ಹಾಗಿದ್ದಾಗ ಹೊಲಿಗೆಯ ಮೇಲೆ ಎಳೆತ ಬೀಳುವುದಿಲ್ಲ.

ಮೊದಲ ಎರಡು ವಾರ ಕಾಲು ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರ. ಹಿಮ್ಮಡಿಯ ಹಿಂದಿನ ಚರ್ಮ ತೆಳು, ಅಡಿಯಲ್ಲಿ ಕೊಬ್ಬಿಲ್ಲ, ರಕ್ತವೂ ಕಡಿಮೆ. ಊತ ಬಂದರೆ ಹೊಲಿಗೆ ಬಾಯಿ ಬಿಡುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಸಿಗರೇಟು ಬಿಡದವರಿಗೆ ಇದು ಇನ್ನೂ ಕಷ್ಟ. ಕಾಲು ಆಡದೆ ಬಿದ್ದಿರುವುದರಿಂದ ಮೀನಖಂಡದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಉಂಟು. ಹೊಸದಾಗಿ ಮೀನಖಂಡ ಬಿಗಿದು ನೋಯತೊಡಗಿದರೆ, ಉಸಿರಾಡಲು ಕಷ್ಟವಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಇದೇ ಸಮಯಕ್ಕೆ ಮನೆಯಲ್ಲಿ ಪಥ್ಯ ಶುರುವಾಗಿರುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ಬೇಡ, ಮೊಸರು ಕೀವು ಮಾಡುತ್ತೆ, ಮೊಟ್ಟೆ ಉಷ್ಣ. ಗಾಯ ಮಾಯಲು ದೇಹಕ್ಕೆ ಬೇಕಾದ ಪ್ರೊಟೀನ್ ಎಲ್ಲೆಲ್ಲಿದೆಯೋ ಅಷ್ಟನ್ನೂ ಹುಡುಕಿ ತೆಗೆದ ಪಟ್ಟಿಯಂತಿದೆ ಇದು. ಬದನೆಯನ್ನು ಹಿರಿಯರಿಗೆ ಬಿಟ್ಟುಕೊಟ್ಟು ಮೊಟ್ಟೆ, ಬೇಳೆ, ಮೊಸರನ್ನು ಉಳಿಸಿಕೊಳ್ಳುವುದು ಜಾಣ ರಾಜಿ. ಕಾಲು ಸೂಪ್ ಕುಡಿದರೆ ಅದರ ಕೊಲ್ಯಾಜನ್ ನೇರವಾಗಿ ಹಿಮ್ಮಡಿಗೆ ಇಳಿಯುತ್ತದೆಂಬ ನಂಬಿಕೆಯೂ ಇದೆ. ಹೊಟ್ಟೆ ಅದನ್ನು ಬೇರೆಲ್ಲ ಪ್ರೊಟೀನಿನಂತೆಯೇ ಒಡೆದು ಹಾಕುತ್ತದೆ. ರುಚಿಗೆ ಕುಡಿಯಲು ಅಡ್ಡಿಯಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಬೂಟು. ಮಂಡಿಯ ಕೆಳಗಿನವರೆಗೆ ಬರುವ, ವೆಲ್‌ಕ್ರೊ ಪಟ್ಟಿಗಳ ಪ್ಲಾಸ್ಟಿಕ್ ಕವಚ. ಒಳಗೆ ಹಿಮ್ಮಡಿಯಡಿ ಮೂರೋ ನಾಲ್ಕೋ ಬೆಣೆಗಳಿರುತ್ತವೆ. ವಾರಕ್ಕೋ ಎರಡು ವಾರಕ್ಕೋ ಒಂದೊಂದನ್ನೇ ತೆಗೆಯುತ್ತಾ ಪಾದವನ್ನು ಸಮತಟ್ಟಿಗೆ ತರುತ್ತಾರೆ. ಮೊದಲೆಲ್ಲ ಆರೆಂಟು ವಾರ ಗಟ್ಟಿ ಪ್ಲಾಸ್ಟರು ಹಾಕಿ ಕಾಲೂರಲೇ ಬಿಡುತ್ತಿರಲಿಲ್ಲ. ಈಗ ಬೂಟಿನೊಳಗೇ ಎರಡು ಮೂರು ವಾರಕ್ಕೆಲ್ಲ ಭಾರ ಹಾಕಿಸುತ್ತಾರೆ. ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ 540 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ಲಾಸ್ಟರಿನವರಿಗೂ ಬೇಗ ಕಾಲೂರಿದ ಬೂಟಿನವರಿಗೂ ಒಂಬತ್ತು ತಿಂಗಳ ಹೊತ್ತಿಗೆ ವ್ಯತ್ಯಾಸ ಕಾಣಲಿಲ್ಲ. ಬೇಗ ನಡೆದದ್ದರಿಂದ ಕೆಟ್ಟದ್ದೇನೂ ಆಗಲಿಲ್ಲ ಎಂಬುದೇ ಅದರಲ್ಲಿ ನಮಗೆ ಬೇಕಾದ ಮಾತು. ಹೊಸದಾಗಿ ಹುಟ್ಟುವ ನಾರುಗಳು ಮೊದಲು ಅಡ್ಡಾದಿಡ್ಡಿ ಬೆಳೆಯುತ್ತವೆ. ಅಳತೆ ಮೀರದ ಎಳೆತ ಸಿಕ್ಕಿದರೆ ಮಾತ್ರ ಎಳೆತದ ದಿಕ್ಕಿಗೆ ಸಾಲುಗೂಡುತ್ತವೆ. ಪೂರ್ತಿ ವಿಶ್ರಾಂತಿಯಲ್ಲಿಟ್ಟ ಟೆಂಡನ್ ದುರ್ಬಲವಾಗಿಯೇ ಮಾಯುತ್ತದೆ.

ಬೂಟಿನ ಅಟ್ಟೆ ದಪ್ಪ. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು ಎಂದರೆ ಮೂರು ನಾಲ್ಕು ಸೆಂ.ಮೀ. ಏರುಪೇರು. ಒಂದೇ ವಾರದಲ್ಲಿ ಸೊಂಟ ಹಿಡಿಯುತ್ತದೆ, ಒಳ್ಳೆಯ ಕಾಲಿನ ಮಂಡಿ ನೋಯುತ್ತದೆ. ಹಾಗಾಗಿ ಮನೆಯೊಳಗೂ ಇನ್ನೊಂದು ಕಾಲಿಗೆ ದಪ್ಪ ಅಟ್ಟೆಯ ಶೂ ಬೇಕೇ ಬೇಕು. ದೇವರ ಕೋಣೆಯ ಮುಂದಿನ ಚರ್ಚೆ ಇಲ್ಲಿಗೆ ಬಂದು ನಿಲ್ಲುತ್ತದೆ. ಮನೆಗೆಂದೇ ಹೊಸ ಶೂ ಒಂದನ್ನು ಎತ್ತಿಟ್ಟು, ಬೂಟಿನ ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಒಳಗೆ ಬಂದರೆ ಅತ್ತೆ ಮಾವಂದಿರೂ ಒಪ್ಪುತ್ತಾರೆ. ಬೂಟಿನ ತಳಕ್ಕೆ ಪ್ಲಾಸ್ಟಿಕ್ ಕವರು ಕಟ್ಟುವ ಉಪಾಯ ಮಾತ್ರ ಬೇಡ, ಮೊಸಾಯಿಕ್ ನೆಲದ ಮೇಲೆ ಅದು ಜಾರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಆಪರೇಷನ್ ಆದವರ ಪಾಡು ಬೇರೆಯೇ. ಬೆವರಿಗೆ ಬೂಟಿನ ಒಳಮೆತ್ತೆ ನಾಲ್ಕು ದಿನಕ್ಕೆ ನಾರುತ್ತದೆ. ಉದ್ದನೆಯ ಹತ್ತಿ ಕಾಲುಚೀಲ ಎರಡು ಮೂರು ಜೊತೆ ಇಟ್ಟುಕೊಂಡು ದಿನಕ್ಕೆರಡು ಸಲ ಬದಲಿಸುವುದೇ ಪರಿಹಾರ.

ಬಚ್ಚಲು ಇದಕ್ಕಿಂತ ಗಂಭೀರ. ಸ್ನಾನಕ್ಕೆ ಬೂಟು ತೆಗೆಯಬೇಕು, ನೆಲ ಒದ್ದೆ, ಸೋಪಿನ ನೊರೆ, ಕಾಲಲ್ಲಿ ಶಕ್ತಿಯಿಲ್ಲ. ಜಾರಿದಾಗ ಮನುಷ್ಯ ಯೋಚಿಸದೆ ಕಾಲೂರಿಬಿಡುತ್ತಾನೆ, ಎರಡು ತಿಂಗಳ ಕೆಲಸ ಆ ಒಂದು ಕ್ಷಣದಲ್ಲಿ ಹರಿಯುತ್ತದೆ. ಒಂದು ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಗೋಡೆಗೊಂದು ಹಿಡಿಕೆ, ರಬ್ಬರ್ ಮ್ಯಾಟು: ಆಪರೇಷನ್‌ಗೆ ಮೊದಲೇ ಇವನ್ನು ಹೊಂದಿಸಿಟ್ಟುಕೊಂಡ ಮನೆಗಳು ಕಡಿಮೆ. ಸಂಜೆ ಆಸ್ಪತ್ರೆಯಿಂದ ಬಂದ ಮೇಲೆ ಮಗನನ್ನು ಕುರ್ಚಿ ತರಲು ಅಂಗಡಿಗೆ ಓಡಿಸುವುದೇ ನಮ್ಮ ರೂಢಿ. ನೆಲಮಟ್ಟದ ಶೌಚಾಲಯವಿದ್ದರೆ ಮೇಲಿಡುವ ಕಮೋಡ್ ಸ್ಟೂಲ್ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದು ಬರೀ ಅನುಕೂಲದ ಮಾತಲ್ಲ. ಕುಕ್ಕರಗಾಲಲ್ಲಿ ಕೂತಾಗ ಮಂಡಿ ಪಾದದ ಮುಂದಕ್ಕೆ ಚಾಚಿ ಟೆಂಡನ್ ಪೂರ್ತಿ ಎಳೆಯಲ್ಪಡುತ್ತದೆ. ಹೊಸ ಟೆಂಡನ್‌ಗೆ ಇದಕ್ಕಿಂತ ಕೆಟ್ಟ ಭಂಗಿಯನ್ನು ಹುಡುಕಿ ತೆಗೆಯುವುದು ಕಷ್ಟ.

ಈ ಎಳೆತವೇ ಇಡೀ ಕಥೆಯ ತಿರುಳು. ಆಪರೇಷನ್ ಆದವರಿಗೆಲ್ಲ ಇರುವ ಭಯ ಮತ್ತೆ ಹರಿದೀತು ಎಂಬುದು. ಹರಿಯುವುದು ಅಪರೂಪ. ಅದಕ್ಕಿಂತ ಎಷ್ಟೋ ಹೆಚ್ಚು ಮಂದಿಗೆ ಆಗುವುದು ಇನ್ನೊಂದು: ಟೆಂಡನ್ ಕೂಡಿಕೊಳ್ಳುತ್ತದೆ, ಆದರೆ ಒಂದೆರಡು ಸೆಂ.ಮೀ. ಉದ್ದವಾಗಿ ಕೂಡಿಕೊಳ್ಳುತ್ತದೆ. ಆಗ ಮೀನಖಂಡದ ಸ್ನಾಯು ಎಷ್ಟೇ ಬಲವಾಗಿ ಕುಗ್ಗಿದರೂ ಅದರ ಅರ್ಧ ಬಲ ಸಡಿಲು ತೆಗೆಯುವುದಕ್ಕೇ ಹೋಗುತ್ತದೆ. ಹಿಮ್ಮಡಿ ಏಳುವುದಿಲ್ಲ. ನೋವಿಲ್ಲ, ಸ್ಕ್ಯಾನಿನಲ್ಲಿ ಟೆಂಡನ್ ಅಖಂಡ, ರೋಗಿ ಮಾತ್ರ ಎರಡು ವರ್ಷವಾದರೂ ಕಾಲೆಳೆಯುತ್ತಾ ನಡೆಯುತ್ತಾನೆ. ಒಮ್ಮೆ ಉದ್ದವಾದದ್ದನ್ನು ಯಾವ ವ್ಯಾಯಾಮವೂ ಗಿಡ್ಡ ಮಾಡಲಾರದು. ಇನ್ನೊಂದು ಆಪರೇಷನ್ನೇ ಗತಿ.

ಉದ್ದವಾಗುವುದು ಬಹುಪಾಲು ಮೊದಲ ಮೂರು ತಿಂಗಳಲ್ಲಿ. ಅದರಲ್ಲೂ ಆರನೇ ವಾರದಿಂದ ಹನ್ನೆರಡನೇ ವಾರದ ನಡುವೆ ಎಚ್ಚರ ತಪ್ಪುವುದು ಹೆಚ್ಚು. ಬೂಟು ಬಿಚ್ಚಿರುತ್ತಾರೆ, ನೋವು ಹೋಗಿರುತ್ತದೆ, ನೋಡಲು ಬಂದವರು ‘ಪೂರ್ತಿ ಗುಣವಾಗಿದೆಯಲ್ಲ’ ಎನ್ನುತ್ತಾರೆ. ಪಾದ ಮಾತ್ರ ಬಿಗಿಯಾಗಿರುತ್ತದೆ. ಈ ಬಿಗಿತ ಒಳ್ಳೆಯದು, ಇರಬೇಕಾದದ್ದು. ಆದರೆ ಮನೆಯಲ್ಲೊಬ್ಬರು ‘ಹಿಡಿದುಕೊಂಡಿದೆ, ಎಣ್ಣೆ ಹಚ್ಚಿ ಎಳೆದರೆ ಬಿಡುತ್ತೆ’ ಎಂದು ಹೇಳಿಯೇ ಹೇಳುತ್ತಾರೆ. ಯೋಗ ಮಾಡುತ್ತಿದ್ದವರು ಸೂರ್ಯನಮಸ್ಕಾರಕ್ಕೆ ಮರಳುತ್ತಾರೆ. ಅದರೊಳಗೆ ಸೊಂಟ ಮೇಲೆತ್ತಿ ಹಿಮ್ಮಡಿಯನ್ನು ನೆಲಕ್ಕೆ ಒತ್ತುವ ಅಧೋಮುಖ ಶ್ವಾನಾಸನವಿದೆ. ಚಾಪೆಯಿಂದ ಏಳುವಾಗ ಮುಂದಿನ ಪಾದದ ಮೇಲೆ ಮಂಡಿ ಬಾಗಿಸಿ ಭಾರ ಹಾಕುತ್ತೇವೆ, ಅದೂ ಎಳೆತವೇ. ಮಲೆನಾಡಿನ ಅಂಗಳದ ಏರು, ಮೆಟ್ಟಿಲಿಳಿಯುವಾಗ ಹಿಂದುಳಿಯುವ ಕಾಲು, ಹಾಗೆಯೇ ಬರಿಗಾಲ ನಡಿಗೆ. ಹಿಮ್ಮಡಿ ತುಸು ಎತ್ತರವಿರುವ ಶೂ ಟೆಂಡನ್‌ಗೆ ಸಹಾಯಕ. ದೇವಸ್ಥಾನದ ಪ್ರದಕ್ಷಿಣೆ, ಹರಕೆಯ ಬರಿಗಾಲ ಬೆಟ್ಟ ಹತ್ತುವಿಕೆ ಆ ವರ್ಷಕ್ಕೆ ಮುಂದೂಡಿದರೆ ದೇವರೇನೂ ಮುನಿಯುವುದಿಲ್ಲ.

ಗಾಡಿ ಓಡಿಸುವ ವಿಷಯ ಎಲ್ಲರೂ ಕೇಳುತ್ತಾರೆ. ಬಲಗಾಲಾದರೆ ಬೂಟು ಪೂರ್ತಿ ಬಿಟ್ಟು, ಬ್ರೇಕನ್ನು ಜೋರಾಗಿ ಒತ್ತುವ ಧೈರ್ಯ ಬರುವ ತನಕ ಕಾರು ಬೇಡ. ಸ್ಕೂಟರ್ ಸುಲಭ ಎಂದುಕೊಳ್ಳುತ್ತಾರೆ. ಸಿಗ್ನಲ್ಲಿನಲ್ಲಿ ನಿಂತಾಗ ವಾಲಿದ ಗಾಡಿಯ ಇಡೀ ಭಾರಕ್ಕೆ ಒಂದೇ ಕಾಲು ಒಡ್ಡಬೇಕಾಗುತ್ತದೆ ಎಂಬುದು ವಾಲಿದ ಮೇಲೆ ಗೊತ್ತಾಗುತ್ತದೆ.

ಇನ್ನು ಫಿಸಿಯೊಥೆರಪಿ ಕೋಣೆ. ಮೊದಲ ತಿಂಗಳುಗಳ ಕೆಲಸ ನೋಡಲು ಕ್ಷುಲ್ಲಕ: ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತುವುದು, ರಬ್ಬರ್ ಪಟ್ಟಿಯನ್ನು ಪಾದದಿಂದ ದೂಡುವುದು, ಕದಲದ ಸೈಕಲ್ ತುಳಿಯುವುದು. ಮೂರನೇ ತಿಂಗಳ ಸುಮಾರಿಗೆ ನಿಂತು, ಎರಡೂ ಕಾಲಲ್ಲಿ. ಆಮೇಲೆ ಒಂದು ದಿನ ಆ ಪರೀಕ್ಷೆ ಬರುತ್ತದೆ. ಗೋಡೆಗೆ ಮುಖ ಮಾಡಿ, ಬೆರಳ ತುದಿಯಷ್ಟೇ ಗೋಡೆಗೆ ತಾಗಿಸಿ, ಒಳ್ಳೆಯ ಕಾಲೊಂದರ ಮೇಲೇ ನಿಂತು ಹಿಮ್ಮಡಿ ಎತ್ತಿ ಎನ್ನುತ್ತಾರೆ. ಸಲೀಸಾಗಿ ಏಳುತ್ತದೆ. ಈಗ ಆಪರೇಷನ್ ಆದ ಕಾಲು. ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಮಂಡಿ ತನಗೆ ತಾನೇ ಬಾಗುತ್ತದೆ, ಮೈ ಗೋಡೆಯ ಕಡೆ ವಾಲುತ್ತದೆ, ಅಂಗೈಯೇ ಗೋಡೆಗೆ ಬಂದುಬಿಡುತ್ತದೆ. ಹಿಮ್ಮಡಿ ಮಾತ್ರ ಇದ್ದಲ್ಲೇ ಇರುತ್ತದೆ. ನೋವಿಲ್ಲ, ತಡೆಯಿಲ್ಲ; ಆಜ್ಞೆ ಕಾಲಿಗೆ ತಲುಪುತ್ತಲೇ ಇಲ್ಲವೇನೋ ಎಂಬ ಭಾವ. ಅಲ್ಲಿಯವರೆಗೆ ಧೈರ್ಯವಾಗಿದ್ದವರು ಕುಸಿಯುವುದು ಈ ಹಂತದಲ್ಲಿ. ಅನೇಕರಿಗೆ ಒಂಟಿ ಕಾಲಿನ ಮೊದಲ ಸರಿಯಾದ ಎತ್ತುವಿಕೆಗೆ ಆರು ತಿಂಗಳು ಬೇಕಾಗುತ್ತದೆ, ಕೆಲವರಿಗೆ ಅದಕ್ಕೂ ಹೆಚ್ಚು. ಎರಡೂ ಮೀನಖಂಡಗಳನ್ನು ಟೇಪಿನಲ್ಲಿ ಅಳೆದರೆ ವರ್ಷಗಳ ನಂತರವೂ ಒಂದು ಸಣ್ಣದಾಗಿಯೇ ಉಳಿಯಬಹುದು. ಟೆಂಡನ್ ಮಾತ್ರ ಮೊದಲಿಗಿಂತ ದಪ್ಪವಾಗಿ, ಗಂಟುಗಂಟಾಗಿ ಉಳಿಯುತ್ತದೆ. ಅದಕ್ಕೆ ಗಾಬರಿ ಬೇಡ.

ಒಳ್ಳೆಯ ಫಿಸಿಯೊಥೆರಪಿಸ್ಟ್ ಎಷ್ಟು ಸಲ ಎತ್ತಿದಿರಿ ಎಂದು ಎಣಿಸುವುದರ ಜೊತೆಗೆ ಎಷ್ಟು ಎತ್ತರ ಎತ್ತಿದಿರಿ ಎಂದೂ ಅಳೆಯುತ್ತಾರೆ. ಅರ್ಧ ಎತ್ತರಕ್ಕೆ ಮೂವತ್ತು ಸಲ ಎತ್ತುವುದಕ್ಕಿಂತ ಪೂರ್ತಿ ಎತ್ತರಕ್ಕೆ ಐದು ಸಲ ಎತ್ತುವುದು ಮೇಲು. ವಿದ್ಯುತ್ ಶಾಖದ ಯಂತ್ರ ಹಚ್ಚಿ ಅರ್ಧ ಗಂಟೆ ಮಲಗಿಸಿ ಕಳಿಸುವ ಕಡೆ ದುಡ್ಡು ದಂಡ. ಓಟ ಯಾವಾಗ ಎಂಬುದನ್ನು ಕ್ಯಾಲೆಂಡರ್ ನೋಡಿ ಹೇಳುವುದಕ್ಕಿಂತ ಈ ಎತ್ತರ ನೋಡಿ ಹೇಳುವುದು ಸರಿ. ಮೆಲ್ಲನೆ ಓಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು, ಆಟಕ್ಕೆ ಒಂಬತ್ತರಿಂದ ಹನ್ನೆರಡು.

ಸಕಲ ಸೌಕರ್ಯವಿರುವ ಆಟಗಾರರ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಫುಟ್‌ಬಾಲ್‌ನ ಡೇವಿಡ್ ಬೆಕಮ್ 2010ರ ಮಾರ್ಚ್ 14ರಂದು ಮಿಲಾನಿನಲ್ಲಿ ಆಡುವಾಗ ಟೆಂಡನ್ ಹರಿದುಕೊಂಡು, ಫಿನ್‌ಲೆಂಡಿನ ತುರ್ಕುವಿನಲ್ಲಿ ಆಪರೇಷನ್ ಮಾಡಿಸಿಕೊಂಡರು. ಆ ವರ್ಷದ ವಿಶ್ವಕಪ್ ಕೈತಪ್ಪಿ, ಸೆಪ್ಟೆಂಬರ್‌ಗೆ ಮೈದಾನಕ್ಕೆ ಮರಳಿದರು. ಬ್ಯಾಸ್ಕೆಟ್‌ಬಾಲ್‌ನ ಕೋಬಿ ಬ್ರಯಂಟ್ 2013ರ ಏಪ್ರಿಲ್ 12ರಂದು ಹರಿದ ಟೆಂಡನ್‌ನಲ್ಲೇ ನಿಂತು ಎರಡು ಫ್ರೀ ಥ್ರೋ ಹಾಕಿ ಹೊರನಡೆದದ್ದನ್ನು ಅಭಿಮಾನಿಗಳು ಇಂದಿಗೂ ಕೊಂಡಾಡುತ್ತಾರೆ. ಎಂಟು ತಿಂಗಳೊಳಗೆ, ಡಿಸೆಂಬರ್ 8ಕ್ಕೆ ಮರಳಿದರು. ಆರು ಪಂದ್ಯ ಆಡುವಷ್ಟರಲ್ಲಿ ಮಂಡಿಯ ಎಲುಬು ಮುರಿಯಿತು. ಎರಡಕ್ಕೂ ನೇರ ಸಂಬಂಧ ಇತ್ತೆಂದು ಯಾರೂ ಸಾಧಿಸಿ ತೋರಿಸಲಾರರು. ಕೆವಿನ್ ಡ್ಯುರಾಂಟ್ ಮಾತ್ರ 2019ರ ಜೂನ್‌ನಲ್ಲಿ ಗಾಯಗೊಂಡು ಮುಂದಿನ ವರ್ಷದ ಡಿಸೆಂಬರ್ ತನಕ ಅಂಗಳಕ್ಕಿಳಿಯಲಿಲ್ಲ. ಕೋವಿಡ್‌ನಿಂದ ಋತು ಮುಂದೆ ಹೋದದ್ದು ಅವರಿಗೆ ವರವಾಯಿತು. ಮರಳಿದಾಗ ಮೊದಲಿನ ಆಟವೇ ಕೈಯಲ್ಲಿತ್ತು. ಅಥೆನ್ಸ್ ಒಲಿಂಪಿಕ್ಸ್‌ನ ಹರ್ಡಲ್ಸ್ ಚಿನ್ನ ಗೆದ್ದ ಚೀನಾದ ಲಿಯು ಷಿಯಾಂಗ್ 2012ರ ಲಂಡನ್‌ನಲ್ಲಿ ಮೊದಲ ಹರ್ಡಲ್‌ಗೇ ಬಿದ್ದು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಟ್ರ್ಯಾಕಿನ ತುದಿ ಮುಟ್ಟಿದರು. ಆಪರೇಷನ್ ಆಯಿತು, ಸ್ಪರ್ಧೆಗೆ ಮತ್ತೆಂದೂ ಇಳಿಯಲಾಗದೆ 2015ರಲ್ಲಿ ನಿವೃತ್ತಿ ಹೇಳಿದರು.

ಬೆಂಗಳೂರಿಗೆ ಹತ್ತಿರದ ಉದಾಹರಣೆ ಮೊಹಮ್ಮದ್ ಶಮಿ. 2023ರ ವಿಶ್ವಕಪ್‌ನಲ್ಲಿ 24 ವಿಕೆಟ್ ಕಿತ್ತು ಎಲ್ಲ ಬೌಲರ್‌ಗಳಿಗಿಂತ ಮುಂದಿದ್ದವರು, ನವೆಂಬರ್ 19ರ ಫೈನಲ್ ನಂತರ ಕಾಣಿಸಲಿಲ್ಲ. 2024ರ ಫೆಬ್ರುವರಿಯಲ್ಲಿ ಅಕಿಲಿಸ್ ಟೆಂಡನ್‌ಗೆ ಆಪರೇಷನ್ ಆಯಿತು, ಪುನಶ್ಚೇತನ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಎದುರಿನ ಟೆಸ್ಟ್ ಮುಗಿದ ಮೇಲೆ ಚಿನ್ನಸ್ವಾಮಿ ಅಂಗಳದಲ್ಲಿ ಬೌಲ್ ಮಾಡಿ ನೋಡಿದರು. ಅದೇ ಟೆಸ್ಟಿಗೆ ಮುನ್ನ ನಾಯಕ ರೋಹಿತ್ ಶರ್ಮಾ ಹೇಳಿದ್ದು, ಶಮಿಯ ಮಂಡಿ ಊದಿಕೊಂಡು ಚೇತರಿಕೆ ಹಿಂದೆ ಬಿತ್ತು ಎಂದು. ನವೆಂಬರ್‌ನಲ್ಲಿ ಇಂದೋರ್‌ನಲ್ಲಿ ಬಂಗಾಳದ ಪರ ರಣಜಿ ಆಡಿ ಏಳು ವಿಕೆಟ್ ಪಡೆದರು. ಭಾರತದ ಅಂಗಿ ತೊಟ್ಟದ್ದು 2025ರ ಜನವರಿ 28ಕ್ಕೆ, ರಾಜ್‌ಕೋಟ್‌ನಲ್ಲಿ. ವೈದ್ಯರು, ಫಿಸಿಯೊಗಳು, ಈಜುಕೊಳ, ಜಿಮ್ ಎಲ್ಲ ಕಾಲಬುಡದಲ್ಲಿದ್ದವರಿಗೇ ಆಪರೇಷನ್ ಆದ ಮೇಲೆ ಹನ್ನೊಂದು ತಿಂಗಳು. ಎರಡು ತಿಂಗಳಿಗೆ ಕೋರ್ಟಿಗೆ ಬರುತ್ತೇನೆ ಎನ್ನುವ ಅಪಾರ್ಟ್‌ಮೆಂಟಿನ ಗೆಳೆಯರಿಗೆ ಈ ತಾರೀಖುಗಳನ್ನು ತೋರಿಸಬೇಕು.

ಗೆದ್ದು ಬಂದವರೂ ನೆನಪಿಡಬೇಕಾದದ್ದು ಇನ್ನೊಂದು ಕಾಲನ್ನು. ಒಂದು ಕಡೆ ಹರಿದವರಿಗೆ ಇನ್ನೊಂದು ಕಡೆಯೂ ಹರಿಯುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆಟಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವುದು, ಎರಡೂ ಮೀನಖಂಡಗಳಿಗೆ ವಾರವಿಡೀ ಕೆಲಸ ಕೊಡುವುದು ಎಲ್ಲರಿಗೂ ತಿಳಿದದ್ದೇ. ತಿಳಿಯದ್ದು ಔಷಧದ ಅಂಗಡಿಯಲ್ಲಿದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯೊಟಿಕ್‌ಗಳು ಟೆಂಡನ್‌ಗಳನ್ನು ದುರ್ಬಲಗೊಳಿಸಬಲ್ಲವೆಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಔಷಧದ ಮಾಹಿತಿ ಹಾಳೆಯಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅಪಾಯ ಇನ್ನೂ ಹೆಚ್ಚು, ಮಾತ್ರೆ ನಿಲ್ಲಿಸಿದ ಕೆಲವು ತಿಂಗಳ ಮೇಲೂ ಹರಿಯುವುದುಂಟು. ನಮ್ಮಲ್ಲಿ ಹೊಟ್ಟೆ ಕೆಟ್ಟರೆ ಚೀಟಿಯಿಲ್ಲದೆಯೂ ಕೈಗೆ ಸಿಗುವ ಮಾತ್ರೆಗಳು ಇವೇ. ಹಿಮ್ಮಡಿಯ ಹಿಂದೆ ಹೊಲಿಗೆಯ ಗುರುತಿರುವವರು ಮುಂದಿನ ಸಲ ಮೂತ್ರದ ಸೋಂಕಿಗೋ ಭೇದಿಗೋ ವೈದ್ಯರ ಬಳಿ ಹೋದಾಗ, ಚೀಟಿ ಬರೆಯುವ ಮೊದಲೇ ಆ ಗುರುತು ತೋರಿಸಿ, ಬೇರೆ ಔಷಧ ಆಗುತ್ತದೆಯೇ ಎಂದು ಕೇಳಬೇಕು. ಬಹಳಷ್ಟು ಸಲ ಆಗುತ್ತದೆ.